ಹೊರಗೆ ಬಾರದ ಉಸಿರು: ಶ್ವಾಸಕೋಶದ ಉಳಿಕೆ ಗಾಳಿಯನ್ನು ಅಳೆಯುವ ವಿಧಾನಗಳ ಕುರಿತು

ಶ್ವಾಸಕೋಶ ಪರೀಕ್ಷೆಯ ಕೋಣೆಯ ಹೊರಗೆ ನಿಂತರೆ ಟೆಕ್ನೀಷಿಯನ್ ದನಿ ಕೇಳಿಸುತ್ತದೆ: "ಯಜಮಾನ್ರೇ, ಪೂರ್ತಿ ಎಳ್ಕೊಳ್ಳಿ. ಈಗ ಊದಿ, ಜೋರಾಗಿ ಊದಿ, ಊದಿ, ಊದಿ, ಇನ್ನೂ ಊದಿ!" ಯಜಮಾನರ ಕತ್ತಿನ ನರ ಉಬ್ಬುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಕೊನೆಗೆ ಇನ್ನೇನೂ ಉಳಿದಿಲ್ಲವೆಂದು ಕೈಯಾಡಿಸುತ್ತಾರೆ. ಆದರೆ ಉಳಿದಿರುತ್ತದೆ. ಆರೋಗ್ಯವಂತ ವಯಸ್ಕ ಗಂಡಸು ಎಷ್ಟೇ ಊದಿದರೂ ಸುಮಾರು 1.2 ಲೀಟರ್ ಗಾಳಿ ಎದೆಯಲ್ಲೇ ನಿಂತಿರುತ್ತದೆ. ಎಂಫಿಸೀಮಾ ಆದವರಲ್ಲಿ ಅದು ಎರಡು ಪಟ್ಟನ್ನೂ ಮೀರಬಹುದು. ಇದಕ್ಕೆ ಉಳಿಕೆ ಗಾತ್ರ ಎನ್ನುತ್ತೇವೆ. ಸ್ಪೈರೋಮೀಟರ್‌ಗೆ ಗೊತ್ತಾಗುವುದು ಬಾಯಿ ದಾಟಿದ ಗಾಳಿ ಮಾತ್ರ. ದಾಟದೆ ಉಳಿದದ್ದನ್ನು ತಿಳಿಯಲು ಸುತ್ತು ದಾರಿಯೇ ಗತಿ. ಆ ದಾರಿಗಳು ಒಂದಕ್ಕಿಂತ ಹೆಚ್ಚಿವೆ, ರೋಗಗ್ರಸ್ತ ಶ್ವಾಸಕೋಶದಲ್ಲಿ ಅವು ಒಂದೇ ಉತ್ತರ ಕೊಡುವುದಿಲ್ಲ. ಯಾವ ದಾರಿಯಲ್ಲಿ ಸಿಕ್ಕಿತು ಎಂದು ಹೇಳದ 'ಒಟ್ಟು ಶ್ವಾಸಕೋಶ ಸಾಮರ್ಥ್ಯ'ದ ಅಂಕಿ ವೈದ್ಯರನ್ನು ದಾರಿ ತಪ್ಪಿಸಬಲ್ಲದು ಎಂಬುದು ಈ ಲೇಖನದ ವಾದ.

ವಿಚಿತ್ರವೆಂದರೆ, ಕಷ್ಟದ ಅಳತೆಯೇ ಇತಿಹಾಸದಲ್ಲಿ ಮೊದಲು ಬಂತು. ಇಂಗ್ಲೆಂಡಿನ ಹಂಫ್ರಿ ಡೇವಿ 1800ರಲ್ಲಿ ಪ್ರಕಟಿಸಿದ ನೈಟ್ರಸ್ ಆಕ್ಸೈಡ್ ಕುರಿತ ಗ್ರಂಥದಲ್ಲಿ, ತಾನೇ ಹೈಡ್ರೋಜನ್ ಉಸಿರಾಡಿ ತನ್ನ ಎದೆಯ ಉಳಿಕೆ ಗಾಳಿಯನ್ನು ಲೆಕ್ಕ ಹಾಕಿದ್ದನ್ನು ಬರೆದಿದ್ದಾನೆ. ಜಾನ್ ಹಚಿನ್‌ಸನ್ ಬಂದದ್ದು ಆಮೇಲೆ. 1846ರ ತನ್ನ ಪ್ರಬಂಧದಲ್ಲಿ ಆತ 2,130 ಜನರನ್ನು ಸ್ಪೈರೋಮೀಟರ್‌ಗೆ ಊದಿಸಿ, ಎತ್ತರ ಒಂದು ಅಂಗುಲ ಹೆಚ್ಚಿದಂತೆ ಊದುವ ಗಾಳಿ 8 ಘನ ಅಂಗುಲದಷ್ಟು, ಅಂದರೆ ಸುಮಾರು 130 ಮಿಲಿಲೀಟರ್, ಹೆಚ್ಚುತ್ತದೆಂದು ತೋರಿಸಿದ. ಆ ಅಳತೆಗೆ 'ವೈಟಲ್ ಕೆಪಾಸಿಟಿ' ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಊದಿದ್ದೇ ಶ್ವಾಸಕೋಶದ ಅಳತೆ ಎಂಬ ಭಾವನೆ ಇಂದಿಗೂ ಹೋಗಿಲ್ಲ.

ಅದರಿಂದ ಆಗುವ ತಪ್ಪು ಸಣ್ಣದಲ್ಲ. ಊದಿದ ಗಾಳಿ ಕಡಿಮೆ ಬಂದರೆ ವರದಿಯಲ್ಲಿ 'ರೆಸ್ಟ್ರಿಕ್ಟಿವ್', ಅಂದರೆ ಶ್ವಾಸಕೋಶ ಕುಗ್ಗಿದೆ ಎಂದು ಅಚ್ಚಾಗುತ್ತದೆ. ಆದರೆ ಗಾಳಿ ಕಡಿಮೆ ಬರಲು ಎರಡು ಕಾರಣಗಳಿರಬಹುದು: ಚೀಲವೇ ಚಿಕ್ಕದಾಗಿರಬಹುದು, ಇಲ್ಲವೇ ಚೀಲ ದೊಡ್ಡದಿದ್ದೂ ಒಳಗಿನ ಗಾಳಿ ಸಿಕ್ಕಿಬಿದ್ದಿರಬಹುದು. ಕೆನಡಾದಲ್ಲಿ ಆರನ್ ಮತ್ತು ಸಂಗಡಿಗರು 1,831 ರೋಗಿಗಳಲ್ಲಿ ಎರಡೂ ಬಗೆಯ ಅಳತೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದರು. ಊದಿದ ಗಾತ್ರ ಕಡಿಮೆಯಿದ್ದವರಲ್ಲಿ ನಿಜಕ್ಕೂ ಶ್ವಾಸಕೋಶ ಕುಗ್ಗಿದ್ದವರು ಶೇ. 41 ಮಾತ್ರ. ಸ್ಪೈರೋಮೀಟರ್ 'ಕುಗ್ಗಿಲ್ಲ' ಎಂದಾಗ ಅದನ್ನು ನಂಬಬಹುದು. 'ಕುಗ್ಗಿದೆ' ಎಂದಾಗ ನಂಬಲಾಗದು. ಕ್ಷಯ ವಾಸಿಯಾದ ಮೇಲೂ ಉಸಿರು ಸಾಲದೆ ಬರುವವರು ನಮ್ಮ ಚಿಕಿತ್ಸಾಲಯಗಳಲ್ಲಿ ಬಹಳ. ಅವರ ಎದೆಯಲ್ಲಿ ಒಂದು ಕಡೆ ಗಾಯದ ಕಲೆ ಕಟ್ಟಿ ಕುಗ್ಗಿರುತ್ತದೆ, ಇನ್ನೊಂದು ಕಡೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಂಥವರ ವಿಷಯದಲ್ಲಿ ಊದಿಸಿ ನೋಡಿ ತೀರ್ಪು ಕೊಡುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಸುತ್ತು ದಾರಿಗಳೆಲ್ಲ ಶುರುವಾಗುವುದು ಒಂದೇ ಕಡೆಯಿಂದ. ಸಹಜವಾಗಿ ಉಸಿರು ಬಿಟ್ಟು, ಮುಂದಿನದನ್ನು ಎಳೆಯುವ ಮೊದಲಿನ ಕ್ಷಣದಲ್ಲಿ ಶ್ವಾಸಕೋಶ ಒಳಕ್ಕೆ ಕುಗ್ಗಲು ನೋಡುತ್ತದೆ, ಎದೆಗೂಡು ಹೊರಕ್ಕೆ ಅರಳಲು ನೋಡುತ್ತದೆ. ಎರಡೂ ಸಮ ನಿಲ್ಲುತ್ತವೆ. ಆಗ ಒಳಗಿರುವ ಗಾಳಿಯೇ ಎಫ್.ಆರ್.ಸಿ. ಸ್ನಾಯುಗಳ ಶ್ರಮವಾಗಲಿ ರೋಗಿಯ ಹುಮ್ಮಸ್ಸಾಗಲಿ ಇದನ್ನು ಅಷ್ಟಾಗಿ ಅಲುಗಿಸುವುದಿಲ್ಲ. ಮೊದಲು ಇದನ್ನು ಅಳೆದು, ಅಲ್ಲಿಂದ ಇನ್ನೂ ಊದಬಲ್ಲಷ್ಟನ್ನು ಕಳೆದರೆ ಉಳಿಕೆ ಗಾತ್ರ. ಅದಕ್ಕೆ ಪೂರ್ತಿ ಎಳೆದ ಉಸಿರನ್ನು ಕೂಡಿಸಿದರೆ ಒಟ್ಟು ಸಾಮರ್ಥ್ಯ. ಹೀಗಾಗಿ ಎಫ್.ಆರ್.ಸಿ. ತಪ್ಪಿದರೆ ಉಳಿದೆಲ್ಲವೂ ತಪ್ಪುತ್ತದೆ.

ಹೀಲಿಯಂ ವಿಧಾನದ ತರ್ಕ ಮಜ್ಜಿಗೆಗೆ ನೀರು ಬೆರೆಸುವಷ್ಟೇ ಸರಳ. 3 ಲೀಟರ್ ಪೆಟ್ಟಿಗೆಯಲ್ಲಿ ಶೇ. 10 ಹೀಲಿಯಂ ಇದೆ ಎನ್ನೋಣ. ರೋಗಿ ಅದರೊಳಗೇ ಉಸಿರಾಡುತ್ತ ಹೋದಂತೆ ಹೀಲಿಯಂ ತೆಳುವಾಗಿ ಶೇ. 5.5ಕ್ಕೆ ನಿಂತರೆ, ಪೆಟ್ಟಿಗೆಯಿಂದ ಆಚೆ ಸುಮಾರು 2.45 ಲೀಟರ್ ಗಾಳಿ ಇತ್ತೆಂದು ಅರ್ಥ. ಹೀಲಿಯಂ ರಕ್ತಕ್ಕೆ ಇಳಿಯುವುದು ತೀರ ಅಲ್ಪವಾದ್ದರಿಂದ ಲೆಕ್ಕ ನಡೆಯುತ್ತದೆ. ನೈಟ್ರೋಜನ್ ವಿಧಾನ ಇದರ ತಿರುವು ಮುರುವು. 1940ರಲ್ಲಿ ಡಾರ್ಲಿಂಗ್, ಕೂರ್ನಾಂ ಮತ್ತು ರಿಚರ್ಡ್ಸ್ ವಿವರಿಸಿದ ಈ ಬಗೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟು, ಎದೆಯಲ್ಲಿದ್ದ ನೈಟ್ರೋಜನನ್ನೆಲ್ಲ ತೊಳೆದು ತೆಗೆದು ಅಳೆಯುತ್ತಾರೆ. ಎರಡಕ್ಕೂ ಒಂದೇ ಮಿತಿ: ಶ್ವಾಸನಾಳ ಮುಚ್ಚಿಕೊಂಡ ಮೂಲೆಗೆ ಹೀಲಿಯಂ ಹೋಗದು, ಅಲ್ಲಿಂದ ನೈಟ್ರೋಜನ್ ಬಾರದು. ಎಲ್ಲಿ ಗಾಳಿ ಹೆಚ್ಚು ಸಿಕ್ಕಿಕೊಂಡಿದೆಯೋ ಅಲ್ಲೇ ಈ ವಿಧಾನಗಳು ಹೆಚ್ಚು ಕುರುಡು.

ಆ ಕುರುಡನ್ನು ನೀಗಿದ್ದು 1956ರಲ್ಲಿ ಡುಬೋಯಿಸ್, ಕೊಮ್ರೊ ಮತ್ತಿತರರು ರೂಪಿಸಿದ ಬಾಡಿ ಪ್ಲೆಥಿಸ್ಮೋಗ್ರಫಿ. ರೋಗಿಗಳ ಬಾಯಲ್ಲಿ ಅದು 'ಗಾಜಿನ ಡಬ್ಬಿ'. ರೋಗಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿ, ಮೈಬಿಸಿಯಿಂದ ಕಾದ ಗಾಳಿ ಸ್ಥಿರವಾಗಲು ಸ್ವಲ್ಪ ಹೊತ್ತು ಬಿಡಬೇಕು. ಎರಡೂ ಅಂಗೈಯಿಂದ ಕೆನ್ನೆ ಒತ್ತಿ ಹಿಡಿಯಲು ಹೇಳಬೇಕು. ಇಲ್ಲವಾದರೆ ಕೆನ್ನೆಯೇ ಉಬ್ಬಿ ಒತ್ತಡ ನುಂಗುತ್ತದೆ. ಸಹಜ ಉಸಿರಿನ ಕೊನೆಗೆ ಕವಾಟ ಎರಡು ಮೂರು ಸೆಕೆಂಡು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಕೊಳವೆಯ ಎದುರು ರೋಗಿ ಮೆಲ್ಲಗೆ ಏದುಸಿರು ಬಿಟ್ಟಾಗ ಎದೆ ಹಿಗ್ಗಿ ಕುಗ್ಗುತ್ತದೆ, ಗಾಳಿ ಮಾತ್ರ ಹರಿಯುವುದಿಲ್ಲ. ಒತ್ತಡವನ್ನೂ ಗಾತ್ರವನ್ನೂ ಕಟ್ಟಿಹಾಕುವ ಬಾಯ್ಲ್ ನಿಯಮ ಉಳಿದ ಕೆಲಸ ಮಾಡುತ್ತದೆ. ನಾಳ ಮುಚ್ಚಿದ ಮೂಲೆಯ ಗಾಳಿಯೂ ಹಿಗ್ಗಿ ಕುಗ್ಗುವುದರಿಂದ ಅದೂ ಲೆಕ್ಕಕ್ಕೆ ಬರುತ್ತದೆ.

ಅಳತೆ ಎಷ್ಟು ಸೂಕ್ಷ್ಮವೆಂದರೆ, ಎಫ್.ಆರ್.ಸಿ. 3 ಲೀಟರ್ ಇರುವವರು ಬಾಯಲ್ಲಿ 10 ಸೆಂ.ಮೀ. ನೀರಿನಷ್ಟು ಒತ್ತಡ ಬದಲಿಸಿದರೆ, ಬೆಂಗಳೂರಿನ ವಾತಾವರಣದಲ್ಲಿ ಎದೆಯ ಗಾತ್ರ ಬದಲಾಗುವುದು ಸುಮಾರು 35 ಮಿಲಿಲೀಟರ್. 800 ಲೀಟರಿನ ಡಬ್ಬಿಯಲ್ಲಿ ಅದರಿಂದ ಏಳುವ ಒತ್ತಡ ಸುಮಾರು 0.04 ಸೆಂ.ಮೀ. ನೀರಿನಷ್ಟು. ಪಕ್ಕದ ಬಾಗಿಲು ಬಡಿದರೂ ಗೆರೆ ನಡುಗುತ್ತದೆ.

ಈ ಲೆಕ್ಕದಲ್ಲಿ ಊರಿನ ಎತ್ತರಕ್ಕೂ ಪಾಲಿದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ 760 ಮಿ.ಮೀ. ಪಾದರಸವಾದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 685ರ ಆಸುಪಾಸು. ನೀರಾವಿಯ 47 ಕಳೆದರೆ 713 ಮತ್ತು 638. ಯಂತ್ರದಲ್ಲಿ ಮಂಗಳೂರಿನ ಒತ್ತಡ ತುಂಬಿ ಬೆಂಗಳೂರಿನ ರೋಗಿಯನ್ನು ಕೂರಿಸಿದರೆ ಎಫ್.ಆರ್.ಸಿ. ಶೇ. 12ರಷ್ಟು ಹೆಚ್ಚಾಗಿ ಕಾಣುತ್ತದೆ. ಅಷ್ಟು ಸಾಕು, ಕುಗ್ಗಿದ ಶ್ವಾಸಕೋಶ ನೆಟ್ಟಗಿರುವಂತೆ ತೋರಲು. ಬೆಳಗ್ಗೆ 3 ಲೀಟರ್ ಸಿರಿಂಜಿನಿಂದ ಯಂತ್ರ ಒರೆಹಚ್ಚುವಾಗಲೇ ಒತ್ತಡದ ಅಂಕಿಯನ್ನೂ ಕಣ್ಣಾರೆ ನೋಡುವ ಅಭ್ಯಾಸ ಇರಬೇಕು.

ಡಬ್ಬಿಯೂ ತಪ್ಪುವುದುಂಟು. ನಾಳಗಳು ತೀರ ಬಿಗಿದಿರುವ ರೋಗಿ ಬೇಗಬೇಗ ಏದಿದರೆ ಬಾಯಿಯ ಒತ್ತಡ ಎದೆಯ ಒತ್ತಡಕ್ಕೆ ಸರಿಸಾಟಿಯಾಗುವುದಿಲ್ಲ, ಗಾತ್ರ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಬಾರಿ ಏದಬಾರದೆಂಬ ನಿಯಮ ಅದಕ್ಕಾಗಿಯೇ.

ಬಂದ ಅಂಕಿಯನ್ನು ಯಾರ ಅಂಕಿಯ ಪಕ್ಕ ಇಡಬೇಕು? ಗ್ಲೋಬಲ್ ಲಂಗ್ ಫಂಕ್ಷನ್ ಇನಿಷಿಯೇಟಿವ್ 2012ರಲ್ಲಿ ಕೊಟ್ಟ ಸ್ಪೈರೋಮೆಟ್ರಿ ಸಮೀಕರಣಗಳಲ್ಲಿ ಭಾರತೀಯರಿಗೆ ತಮ್ಮದೇ ಗುಂಪಿರಲಿಲ್ಲ; 'ಇತರೆ' ಎಂಬ ಗುಂಪಿಗೆ ಸೇರಬೇಕಾಯಿತು. 2021ರಲ್ಲಿ ಒಟ್ಟು ಸಾಮರ್ಥ್ಯ, ಉಳಿಕೆ ಗಾತ್ರಗಳಿಗೆ ಬಂದ ಸಮೀಕರಣಗಳು ಯೂರೋಪ್ ಮೂಲದವರ ಅಳತೆಗಳ ಮೇಲೆ ನಿಂತಿವೆ. ಸ್ಪೈರೋಮೆಟ್ರಿಗೆ ಜನಾಂಗ ನೋಡದ ಸಮೀಕರಣ ಬಳಸಿ ಎಂದು ಅಮೆರಿಕನ್ ಥೊರಾಸಿಕ್ ಸೊಸೈಟಿ 2023ರಲ್ಲಿ ಹೇಳಿತು. ಅದು ಸ್ವಾಗತಾರ್ಹ, ಆದರೆ ಉಳಿಕೆ ಗಾಳಿಯ ವಿಷಯದಲ್ಲಿ ನಮ್ಮ ಕೆಲಸವನ್ನು ನಮಗಾಗಿ ಬೇರೆಯವರು ಮಾಡಿಕೊಡಲಾರರು.

ಇದೆಲ್ಲ ಬರೀ ಪ್ರಯೋಗಾಲಯದ ಕಟ್ಟುನಿಟ್ಟಲ್ಲ. ಎಂಫಿಸೀಮಾದಲ್ಲಿ ಉಬ್ಬಿದ ಭಾಗವನ್ನು ಕುಗ್ಗಿಸಲು ಈಗ ಶ್ವಾಸನಾಳದೊಳಗೆ ಸಣ್ಣ ಕವಾಟ ಕೂರಿಸುತ್ತಾರೆ. ಇದರ ಪ್ರಮುಖ ಪರೀಕ್ಷೆಗಳಲ್ಲೊಂದಾದ ಲಿಬರೇಟ್ ಅಧ್ಯಯನಕ್ಕೆ ರೋಗಿಗಳನ್ನು ಆಯ್ದದ್ದು ಉಳಿಕೆ ಗಾತ್ರ ನಿರೀಕ್ಷಿತದ ಶೇ. 175 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ. ಒಬ್ಬ ರೋಗಿಯ ನಿರೀಕ್ಷಿತ ಉಳಿಕೆ ಗಾತ್ರ 2 ಲೀಟರ್, ಡಬ್ಬಿಯಲ್ಲಿ ಅಳೆದದ್ದು 4 ಲೀಟರ್, ಹೀಲಿಯಂ ತೋರಿಸಿದ್ದು 3 ಲೀಟರ್ ಎಂದಿಟ್ಟುಕೊಳ್ಳೋಣ. ಮೊದಲನೆಯದರ ಪ್ರಕಾರ ಶೇ. 200, ಎರಡನೆಯದರ ಪ್ರಕಾರ ಶೇ. 150. ಹೀಲಿಯಂಗೆ ಸಿಗದ ಆ 1 ಲೀಟರ್ ಗಾಳಿಯೇ ಅವರ ಕಾಯಿಲೆ. ವರದಿಯಲ್ಲಿ ವಿಧಾನದ ಹೆಸರಿಲ್ಲದಿದ್ದರೆ ಅದೇ ಕಾರಣಕ್ಕೆ ಅವರು ಚಿಕಿತ್ಸೆಯ ಪಟ್ಟಿಯಿಂದ ಹೊರಗುಳಿಯುತ್ತಾರೆ.