ಎಸೆಕ್ಸ್ ಲಾರಿ ದುರಂತ

ಎಸೆಕ್ಸ್ ಲಾರಿ ದುರಂತವು 2019ರ ಅಕ್ಟೋಬರ್ 23ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಗ್ರೇಸ್ ಪಟ್ಟಣದಲ್ಲಿ, ಲಾರಿಯೊಂದರ ಶೀತಲ ಟ್ರೇಲರ್‌ನೊಳಗೆ ವಿಯೆಟ್ನಾಂನ 39 ವಲಸಿಗರು ಶವವಾಗಿ ಪತ್ತೆಯಾದ ಘಟನೆಯಾಗಿದೆ. ಮೃತರಲ್ಲಿ 31 ಪುರುಷರು ಹಾಗೂ 8 ಮಹಿಳೆಯರಿದ್ದರು. ಇಬ್ಬರು ಬಾಲಕರಿಗೆ ಕೇವಲ 15 ವರ್ಷ. ಅಕ್ರಮ ವಲಸೆಯ ಸಂಘಟಿತ ಜಾಲವನ್ನು ಹಲವು ದೇಶಗಳು ಒಟ್ಟಾಗಿ ತನಿಖೆ ಮಾಡಿದ ಪ್ರಮುಖ ಪ್ರಕರಣಗಳಲ್ಲಿ ಇದೂ ಒಂದು.

ಕಾನೂನಿನ ಹಿನ್ನೆಲೆ

ಹಣ ಪಡೆದು ವ್ಯಕ್ತಿಯನ್ನು ಅಕ್ರಮವಾಗಿ ಗಡಿ ದಾಟಿಸುವುದು 'ವಲಸಿಗರ ಅಕ್ರಮ ಸಾಗಣೆ' ಎನಿಸುತ್ತದೆ. ಬಲವಂತ ಅಥವಾ ವಂಚನೆಯಿಂದ ಶೋಷಣೆಗೆಂದು ಸಾಗಿಸುವ 'ಮಾನವ ಕಳ್ಳಸಾಗಣೆ'ಗಿಂತ ಇದು ಭಿನ್ನವಾದ ಅಪರಾಧ. ವಿಶ್ವಸಂಸ್ಥೆಯು 2000ದಲ್ಲಿ ಅಂಗೀಕರಿಸಿದ ಪ್ರೋಟೋಕಾಲ್ ಪ್ರಕಾರ, ಸಾಗಣೆಗೊಳಗಾದ ಕಾರಣಕ್ಕೇ ವಲಸಿಗರನ್ನು ಶಿಕ್ಷಿಸುವಂತಿಲ್ಲ, ಶಿಕ್ಷೆ ಸಾಗಿಸಿದವರಿಗೆ. ಬ್ರಿಟನ್‌ನಲ್ಲಿ 1971ರ ವಲಸೆ ಕಾಯ್ದೆಯ 25ನೇ ವಿಧಿಯು ಅಕ್ರಮ ಪ್ರವೇಶಕ್ಕೆ ನೆರವಾಗುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಘಟನೆ

ವಲಸಿಗರನ್ನು ಉತ್ತರ ಫ್ರಾನ್ಸ್‌ನಲ್ಲಿ ಟ್ರೇಲರ್‌ಗೆ ಹತ್ತಿಸಲಾಯಿತು. ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಚಾಲಕನಿಲ್ಲದ ಟ್ರೇಲರ್ ಹಡಗಿನ ಮೂಲಕ ಇಂಗ್ಲೆಂಡಿನ ಪರ್‌ಫ್ಲೀಟ್ ತಲುಪಿತು. ಶೀತಲೀಕರಣ ಯಂತ್ರ ಚಾಲನೆಯಲ್ಲಿರಲಿಲ್ಲ. ಗಾಳಿ ಸುಳಿಯದ ಟ್ರೇಲರ್‌ನೊಳಗೆ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಒಳಗಿದ್ದವರೆಲ್ಲರೂ ಉಸಿರುಗಟ್ಟಿ ಹಾಗೂ ದೇಹದ ಉಷ್ಣತೆ ಮಿತಿಮೀರಿ ಮೃತಪಟ್ಟರು. ಅವರಲ್ಲೊಬ್ಬರು ವಿಯೆಟ್ನಾಂನ ಪೊಲೀಸ್ ತುರ್ತು ಸಂಖ್ಯೆ 113ಕ್ಕೆ ಕರೆ ಮಾಡಲು ಯತ್ನಿಸಿದ್ದರೂ ಸಂಪರ್ಕ ದೊರೆಯಲಿಲ್ಲ.

ತನಿಖೆ

ಬಂದರಿನಿಂದ ಟ್ರೇಲರ್ ಪಡೆದ ಚಾಲಕ ಮಾರಿಸ್ ರಾಬಿನ್ಸನ್ ರಾತ್ರಿ 1.13ಕ್ಕೆ ಬಾಗಿಲು ತೆರೆದನು. ಆದರೆ ತುರ್ತು ಸೇವೆಗೆ ಕರೆ ಮಾಡಿದ್ದು 23 ನಿಮಿಷಗಳ ನಂತರ. ಆ ನಡುವೆ ಆತನು ಸಹಚರರೊಡನೆ ದೂರವಾಣಿಯಲ್ಲಿ ಮಾತನಾಡಿದ್ದನ್ನು ಕರೆ ದಾಖಲೆಗಳು ತೋರಿಸಿದವು. ಮೊಬೈಲ್ ಗೋಪುರಗಳ ಮಾಹಿತಿ, ಸಿಸಿಟಿವಿ ದೃಶ್ಯ ಹಾಗೂ ವಾಹನ ಸಂಖ್ಯೆ ಗುರುತಿಸುವ ಕ್ಯಾಮೆರಾಗಳ ದಾಖಲೆಗಳನ್ನು ಜೋಡಿಸಿದ ಎಸೆಕ್ಸ್ ಪೊಲೀಸರು, ಅದೇ ತಿಂಗಳ 11 ಮತ್ತು 18ರಂದೂ ಈ ಜಾಲವು ವಲಸಿಗರನ್ನು ಸಾಗಿಸಿತ್ತೆಂದು ನಿರೂಪಿಸಿದರು. ಬ್ರಿಟನ್, ಐರ್ಲೆಂಡ್, ಬೆಲ್ಜಿಯಂ ಮತ್ತು ಫ್ರಾನ್ಸ್ ದೇಶಗಳು ಯೂರೋಜಸ್ಟ್ ಸಂಸ್ಥೆಯ ನೆರವಿನಿಂದ ಜಂಟಿ ತನಿಖಾ ತಂಡವನ್ನು ರಚಿಸಿದವು.

ವಿಚಾರಣೆ ಮತ್ತು ಶಿಕ್ಷೆ

ರಾಬಿನ್ಸನ್ ಹಾಗೂ ಸಾರಿಗೆ ಉದ್ಯಮಿ ರೋನನ್ ಹ್ಯೂಸ್ 39 ಜನರ ನರಹತ್ಯೆಯ ಆರೋಪವನ್ನು ಒಪ್ಪಿಕೊಂಡರು. ಆರೋಪವನ್ನು ನಿರಾಕರಿಸಿದ ಗಿಯೋರ್ಗೆ ನಿಕಾ ಮತ್ತು ಟ್ರೇಲರ್ ಅನ್ನು ಝೀಬ್ರುಗ್‌ಗೆ ತಲುಪಿಸಿದ್ದ ಚಾಲಕ ಏಮನ್ ಹ್ಯಾರಿಸನ್‌ರನ್ನು ಜ್ಯೂರಿಯು 2020ರ ಡಿಸೆಂಬರ್‌ನಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿತು. ಒಳಗೆ ಜನರಿದ್ದುದು ತನಗೆ ತಿಳಿದಿರಲಿಲ್ಲವೆಂಬ ಹ್ಯಾರಿಸನ್ ವಾದವನ್ನು ಜ್ಯೂರಿ ಒಪ್ಪಲಿಲ್ಲ. 2021ರ ಜನವರಿ 22ರಂದು ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯವು ಈ ಕೆಳಗಿನಂತೆ ಸೆರೆವಾಸ ವಿಧಿಸಿತು:

- ಗಿಯೋರ್ಗೆ ನಿಕಾ: 27 ವರ್ಷ
- ರೋನನ್ ಹ್ಯೂಸ್: 20 ವರ್ಷ
- ಏಮನ್ ಹ್ಯಾರಿಸನ್: 18 ವರ್ಷ
- ಮಾರಿಸ್ ರಾಬಿನ್ಸನ್: 13 ವರ್ಷ 4 ತಿಂಗಳು

ಬೆಲ್ಜಿಯಂನ ಬ್ರೂಜ್ ನ್ಯಾಯಾಲಯವು 2022ರ ಜನವರಿಯಲ್ಲಿ ಅಲ್ಲಿನ ಜಾಲದ ಮುಖಂಡನಿಗೆ 15 ವರ್ಷಗಳ ಶಿಕ್ಷೆ ನೀಡಿತು. ವಿಯೆಟ್ನಾಂ ಮತ್ತು ಫ್ರಾನ್ಸ್‌ನ ನ್ಯಾಯಾಲಯಗಳೂ ಹಲವರನ್ನು ಶಿಕ್ಷಿಸಿದವು.

ಮಹತ್ವ

ಸಾಮಾನ್ಯವಾಗಿ ಇಂತಹ ಪ್ರಕರಣಗಳಲ್ಲಿ ಸಿಕ್ಕಿಬೀಳುವುದು ಚಾಲಕರು ಮಾತ್ರ. ಈ ಪ್ರಕರಣದಲ್ಲಿ ಮಾತ್ರ ಸಾಗಣೆಯನ್ನು ಸಂಘಟಿಸಿದವರ ಮೇಲೂ ಸಾವಿನ ನೇರ ಹೊಣೆ ನ್ಯಾಯಾಲಯದಲ್ಲಿ ಸಾಬೀತಾಯಿತು. ಮೃತರಲ್ಲಿ ಅನೇಕರು ವಿಯೆಟ್ನಾಂನ ನ್ಘೆ ಆನ್ ಮತ್ತು ಹಾ ತಿನ್ಹ್ ಪ್ರಾಂತ್ಯಗಳವರಾಗಿದ್ದರು. ಪ್ರಯಾಣದ ಶುಲ್ಕಕ್ಕಾಗಿ ಸಾಲ ಮಾಡಿದ್ದ ಕುಟುಂಬಗಳಿಗೆ ಆ ಸಾಲದ ಹೊರೆಯೂ ಉಳಿಯಿತು.