ಗಾಳಿ ಹೋಗುವವರೆಗಿನ ಉಪವಾಸ

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ ಗಾಳಿ ಹೋಗುವವರೆಗೆ ಬಾಯಿಗೆ ಏನನ್ನೂ ಕೊಡಕೂಡದೆಂಬ ಕಟ್ಟಳೆ ಇಪ್ಪತ್ತನೆಯ ಶತಮಾನದ ಬಹುಭಾಗ ಯೂರೋಪು, ಅಮೆರಿಕಗಳ ಆಸ್ಪತ್ರೆಗಳಲ್ಲಿ ನಡೆದುಬಂದು, ಅಲ್ಲಿನ ವೈದ್ಯಶಿಕ್ಷಣದೊಂದಿಗೆ ಕನ್ನಡ ನಾಡಿನ ವಾರ್ಡುಗಳಲ್ಲೂ ಬೇರೂರಿತು. ಇದರ ಹಿಂದೆ ಬೇರೆಬೇರೆ ಮೂಲದ ಎರಡು ಭಯಗಳಿದ್ದವು.

ಮೊದಲನೆಯದು ಅರಿವಳಿಕೆಯದು. ಈಥರ್ ಮತ್ತು ಕ್ಲೋರೋಫಾರ್ಮ್ ರೋಗಿಗೆ ವಿಪರೀತ ವಾಂತಿ ತರಿಸುತ್ತಿದ್ದವು; ಹಾಗಿದ್ದೂ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1883ರಲ್ಲಿ, ಗಟ್ಟಿ ಆಹಾರ ಬೇಡವೆಂದರೂ ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮೊದಲು ಒಂದು ಕಪ್ ಚಹಾ ಕೊಡುವುದು ಹಿತವೆಂದೇ ಬರೆದಿದ್ದರು. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿತಜ್ಞ ಕರ್ಟಿಸ್ ಮೆಂಡೆಲ್ಸನ್, ಹೆರಿಗೆಯ ವೇಳೆ ಅರಿವಳಿಕೆ ಪಡೆದವರಲ್ಲಿ ಜಠರದಲ್ಲಿದ್ದುದು ಶ್ವಾಸಕೋಶಕ್ಕಿಳಿದ 66 ಪ್ರಸಂಗಗಳನ್ನು ವರದಿ ಮಾಡಿದ ಮೇಲೆ ಇಂಥ ಸಡಿಲಿಕೆಗೆ ಎಡೆಯಿಲ್ಲದಾಯಿತು; ಶಸ್ತ್ರಚಿಕಿತ್ಸೆಗೆ ಮುಂಚಿನ ಊಟದ ಈ ಭಯ ಆಮೇಲಿನ ಊಟಕ್ಕೂ ಚಾಚಿತು.

ಎರಡನೆಯದು ಕರುಳಿನದು. ಕರುಳನ್ನು ಕೈಯಲ್ಲಿ ಹಿಡಿದು ಆಡಿಸಿದರೆ ಜಠರ ಮತ್ತು ಕರುಳುಗಳ ಚಲನೆ ಸ್ತಬ್ಧವಾಗುತ್ತದೆಂಬುದನ್ನು ಶರೀರಕ್ರಿಯಾತಜ್ಞ ವಾಲ್ಟರ್ ಕ್ಯಾನನ್ ಮತ್ತು ಅವರ ಸಹೋದ್ಯೋಗಿ ಮರ್ಫಿ 1906ರಲ್ಲಿ ಪ್ರಾಣಿಗಳಲ್ಲಿ ತೋರಿಸಿದ್ದರು. ಇಂಥ ಕರುಳಿಗೆ ಅನ್ನ ಹೋದರೆ ಹೊಟ್ಟೆ ಉಬ್ಬಿ, ಕತ್ತರಿಸಿ ಜೋಡಿಸಿದ ಹೊಲಿಗೆ ಬಿಚ್ಚಿಕೊಂಡೀತೆಂದು ಶಸ್ತ್ರವೈದ್ಯರು ಅಂಜಿದರು. ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ ದ್ರವವನ್ನು ಹೀರಿ ತೆಗೆಯುವ ಕ್ರಮವನ್ನು ಮಿನ್ನೆಸೋಟದ ಓವೆನ್ ವ್ಯಾಂಗೆನ್‌ಸ್ಟೀನ್ 1930ರ ದಶಕದಲ್ಲಿ ಬಳಕೆಗೆ ತಂದರು. ಕರುಳು ಕಟ್ಟಿಕೊಂಡ ಎಷ್ಟೋ ಜನರ ಜೀವವನ್ನು ಆ ನಳಿಕೆ ಉಳಿಸಿತೆಂಬುದು ನಿಜ. ಆದರೆ ಅಡಚಣೆಯೇ ಇಲ್ಲದವರ ಮೂಗಿಗೂ ಅದು ವಾಡಿಕೆಯಾಗಿ ಏರಿದ್ದು ತಪ್ಪು. ಬೆಳಗಿನ ಸುತ್ತಿನಲ್ಲಿ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಗುಳುಗುಳು ಸದ್ದಿಗೆ ಕಿವಿಗೊಡುವುದು, ಗಾಳಿ ಹೋಯಿತೇ ಎಂದು ಕೇಳುವುದು, ಆಮೇಲೆ ಗುಟುಕು ನೀರು, ತಿಳಿಗಂಜಿ ಎಂಬ ಕ್ರಮ ಹೀಗೆ ಗಟ್ಟಿಯಾಯಿತು.

ಈ ಕಾಯುವಿಕೆಯ ತರ್ಕದಲ್ಲೇ ದೋಷವಿತ್ತು. ರೋಗಿ ಉಣ್ಣದಿದ್ದರೂ ಜೊಲ್ಲು, ಜಠರರಸ, ಪಿತ್ತರಸಗಳು ದಿನಕ್ಕೆ ಹಲವು ಲೀಟರಿನಷ್ಟು ಒಸರುವುದರಿಂದ ಉಪವಾಸದಲ್ಲೂ ಕರುಳು ಬರಿದಾಗಿರುವುದಿಲ್ಲ. ಸಣ್ಣಕರುಳು ಒಂದು ದಿನದೊಳಗೇ ಚೇತರಿಸಿಕೊಂಡರೂ ದೊಡ್ಡಕರುಳಿಗೆ ಎರಡು ಮೂರು ದಿನ ಬೇಕಾದ್ದರಿಂದ, ಗಾಳಿಗೆ ಕಾಯುವುದೆಂದರೆ ಎಲ್ಲಕ್ಕಿಂತ ನಿಧಾನವಾದ ಅಂಗಕ್ಕೆ ಕಾಯುವುದೇ ಆಗಿತ್ತು.

ಬದಲಾವಣೆ ಬಂದದ್ದು ಕೋಪನ್‌ಹೇಗನ್ನಿನಿಂದ. ನೋವಿಗೆ ಕೊಡುವ ಮಾರ್ಫಿನ್ನೇ ಕರುಳನ್ನು ಮಂದಗೊಳಿಸುತ್ತದೆಂಬುದನ್ನು ಗಮನದಲ್ಲಿಟ್ಟ ಅಲ್ಲಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಮತ್ತು ಸಂಗಡಿಗರು, ಬೆನ್ನುಹುರಿಯ ಹೊದಿಕೆಯ ಹೊರಗೆ ಔಷಧಿ ಹರಿಸಿ ನೋವು ತಗ್ಗಿಸುವ ಎಪಿಡ್ಯೂರಲ್ ವಿಧಾನದೊಂದಿಗೆ ಬೇಗ ಊಟ, ಬೇಗ ಓಡಾಟಗಳನ್ನು ಸೇರಿಸಿದರು. 1995ರಲ್ಲಿ ಅವರು ವರದಿ ಮಾಡಿದ, ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾದ ಒಂಬತ್ತು ವೃದ್ಧರಲ್ಲಿ ಬಹುತೇಕರು ಎರಡೇ ದಿನಕ್ಕೆ ಮನೆಗೆ ಮರಳಬಲ್ಲವರಾದರು. 2001ರಲ್ಲಿ 11 ಅಧ್ಯಯನಗಳ 837 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಬೇಗ ಉಂಡವರಲ್ಲಿ ವಾಂತಿ ತುಸು ಹೆಚ್ಚಿದ್ದರೂ ಸೋಂಕು ಕಡಿಮೆಯಿತ್ತು. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದು ಇನ್ನೂ ಮುಂದೆ ಹೋಗಿ, ಜಠರದಂಥ ಮೇಲ್ಭಾಗದ ಅಂಗಗಳ ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೂ ಮರುದಿನದಿಂದಲೇ ಸಾಮಾನ್ಯ ಊಟವನ್ನು ಅವರ ಇಷ್ಟಕ್ಕೆ ಬಿಟ್ಟಿತು; ಕರುಳಿಗೆ ನಳಿಕೆಯಲ್ಲಿ ಆಹಾರ ಪಡೆದವರಿಗಿಂತ ಅವರಿಗೆ ತೊಡಕುಗಳು ಹೆಚ್ಚಾಗಲಿಲ್ಲ.