ಜ್ಯೂರಿಯ ಹುಟ್ಟು, ಆಪಾದಿತನ ಪ್ರಭಾವ: ತಿಲಕರ ಎರಡು ರಾಜದ್ರೋಹ ವಿಚಾರಣೆಗಳು

ಆಪಾದಿತನಿಗೆ ತನ್ನ ಸಮಾನರಿಂದ ನ್ಯಾಯ ದೊರೆಯಬೇಕೆಂಬುದು ಜ್ಯೂರಿ ಪದ್ಧತಿಯ ಮೂಲತತ್ತ್ವ. ವಸಾಹತು ಭಾರತದಲ್ಲಿ ಈ ‘ಸಮಾನರು’ ಯಾರೆಂಬ ಪ್ರಶ್ನೆಯು ಜನಾಂಗದೊಡನೆ ತಳಕು ಹಾಕಿಕೊಂಡಿತ್ತು. ಇಲ್ಬರ್ಟ್ ಮಸೂದೆಯ ವಿವಾದದ ಫಲವಾದ 1884ರ ಕಾಯಿದೆಯು, ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಸೆಷನ್ಸ್ ನ್ಯಾಯಾಧೀಶರ ಮುಂದೆ ವಿಚಾರಣೆಗೊಳಗಾಗುವ ಯುರೋಪಿಯನ್ ಬ್ರಿಟಿಷ್ ಪ್ರಜೆಗೆ, ಕನಿಷ್ಠ ಅರ್ಧದಷ್ಟು ಯುರೋಪಿಯನ್ನರು ಅಥವಾ ಅಮೆರಿಕನ್ನರಿರುವ ಜ್ಯೂರಿಯನ್ನು ಕೇಳುವ ಹಕ್ಕನ್ನಿತ್ತಿತು. ಜ್ಯೂರಿ ಸದಸ್ಯನ ಹುಟ್ಟು ತೀರ್ಪನ್ನು ಬಾಗಿಸಬಲ್ಲದೆಂಬುದನ್ನು ಸರಕಾರವೇ ಹೀಗೆ ಪರೋಕ್ಷವಾಗಿ ಒಪ್ಪಿತ್ತು.

ಬೊಂಬಾಯಿ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲೆ ನಡೆದ ವಿಚಾರಣೆಗಳಲ್ಲಿ ಈ ಎಚ್ಚರ ಕಾಣಲಿಲ್ಲ. 1897ರ ಜ್ಯೂರಿಯಲ್ಲಿ ಆರು ಮಂದಿ ಯುರೋಪಿಯನ್ನರು, ಮೂವರು ಭಾರತೀಯರು. ಆರು ಮಂದಿ ತಿಲಕರನ್ನು ದೋಷಿಯೆಂದರು, ಮೂವರು ನಿರ್ದೋಷಿಯೆಂದರು. 1908ರಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು, ತೀರ್ಪು ಏಳು–ಎರಡು. ಒಮ್ಮತ ಅಗತ್ಯವಿರಲಿಲ್ಲ, ಆರು ಮಂದಿಯ ಅಭಿಪ್ರಾಯವನ್ನು ನ್ಯಾಯಾಧೀಶರು ಒಪ್ಪಿದರೆ ಸಾಕಿತ್ತು.

ಜನಾಂಗದ ಜೊತೆಗೆ ಭಾಷೆಯ ಪ್ರಶ್ನೆಯೂ ಇತ್ತು. ‘ಕೇಸರಿ’ಯ ಲೇಖನಗಳು ಮರಾಠಿಯವು, ಜ್ಯೂರಿಯ ಕೈಗೆ ಬಂದದ್ದು ಅವುಗಳ ಇಂಗ್ಲಿಷ್ ಅನುವಾದ. ಪದಗಳ ಧ್ವನಿಯೇ ಅಪರಾಧದ ಸಾಕ್ಷ್ಯವಾಗಿದ್ದ ಮೊಕದ್ದಮೆಯಲ್ಲಿ ಇದು ಸಣ್ಣ ಕೊರತೆಯಲ್ಲ. ತಾವೇ ವಾದಿಸಿದ ತಿಲಕರು ಆ ಅನುವಾದಗಳ ದೋಷಗಳನ್ನು ಎತ್ತಿ ತೋರಿಸಿದರು.

ಆದರೆ ಎಲ್ಲವನ್ನೂ ಜನಾಂಗಕ್ಕೇ ಆರೋಪಿಸುವುದು ಸರಿಯಾಗದು. ಜ್ಯೂರಿ ನಿರ್ಣಯಿಸಿದ್ದು ದೋಷವನ್ನು. ಶಿಕ್ಷೆಯ ಪ್ರಮಾಣ ನ್ಯಾಯಾಧೀಶರದು. 1897ರಲ್ಲಿ ಇಂಗ್ಲಿಷರಾದ ಸ್ಟ್ರೇಚಿ ವಿಧಿಸಿದ್ದು 18 ತಿಂಗಳ ಸೆರೆವಾಸ. 1908ರಲ್ಲಿ ಪಾರ್ಸಿಯವರಾದ ದಿನ್‌ಶಾ ದಾವರ್ ವಿಧಿಸಿದ್ದು ಆರು ವರ್ಷಗಳ ಗಡೀಪಾರು ಮತ್ತು 1,000 ರೂಪಾಯಿ ದಂಡ. ಇದೇ ದಾವರ್ 1897ರಲ್ಲಿ ತಿಲಕರ ಜಾಮೀನಿಗಾಗಿ ವಾದಿಸಿದ್ದ ವಕೀಲರು. ತಿಲಕರ ಪ್ರತಿಭೆ ಮತ್ತು ಜನಪ್ರಭಾವವನ್ನು ಅವರು ತೀರ್ಪಿನಲ್ಲಿ ಒಪ್ಪಿಕೊಂಡರು. ಆದರೆ ಅದು ಆಪಾದಿತನಿಗೆ ನೆರವಾಗದೆ, ಶಾಂತಿಗೆ ಅಪಾಯವೆಂಬ ಎಣಿಕೆಗೆ ಬಲ ನೀಡಿತು. ಪ್ರಭಾವಶಾಲಿಯಾಗಿರುವುದೇ ಶಿಕ್ಷೆಯ ಭಾರವನ್ನು ಹೆಚ್ಚಿಸಿತೆನ್ನಬಹುದು.

1973ರ ದಂಡ ಪ್ರಕ್ರಿಯಾ ಸಂಹಿತೆಯು ಜ್ಯೂರಿ ವಿಚಾರಣೆಯನ್ನು ಕೈಬಿಟ್ಟಿತು. ಅದೇ ಸಂಹಿತೆಯ 235(2)ನೆಯ ಕಲಮು, ದೋಷಿಯೆಂದು ನಿರ್ಣಯವಾದವನನ್ನು ಶಿಕ್ಷೆಯ ಪ್ರಶ್ನೆಯ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕೆಂದು ವಿಧಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ವ್ಯಕ್ತಿಯ ಗುಣಸ್ಥಿತಿಗಳು ಶಿಕ್ಷೆಯ ನಿರ್ಧಾರದಿಂದ ಎಂದೂ ಹೊರಗುಳಿಯವು. ಅವನ್ನು ಬಹಿರಂಗವಾಗಿ, ಆತನ ಮಾತನ್ನೂ ಕೇಳಿ ತೂಗುವುದರಲ್ಲಿಯೇ ನ್ಯಾಯದ ಭದ್ರತೆಯಿದೆ ಎಂಬುದು ಈ ಎರಡು ವಿಚಾರಣೆಗಳಿಂದ ಮನದಟ್ಟಾಗುತ್ತದೆ.